ಇಲಿಗೆ ಗುಣವಾಯಿತು, ಇನ್ನು ನೀವು ಕುಡಿಯಿರಿ

ವಾಸಿಯಾಗದ ಕಾಯಿಲೆ ಎಂಬುದು ಈ ಭೂಮಿಯ ಮೇಲೆ ಈಗ ಒಂದೂ ಉಳಿದಿಲ್ಲ. ಸಕ್ಕರೆ ಕಾಯಿಲೆ, ಕಾಮಾಲೆ, ಕೀಲುನೋವು, ಮರೆವು, ಬೊಜ್ಜು, ಕ್ಯಾನ್ಸರು, ಎಲ್ಲಕ್ಕೂ ಮದ್ದು ಸಿಕ್ಕಿದೆ, ಅದೂ ಹಿತ್ತಲಲ್ಲೇ. ಮೆಂತ್ಯಕ್ಕೆ ಒಂದು ಹೋಯಿತು, ಹಾಗಲಕಾಯಿಗೆ ಇನ್ನೊಂದು ಹೋಯಿತು, ಉಳಿದವು ಮೊಸರಿನ ಸೂಕ್ಷ್ಮಜೀವಿಗೆ ಹೆದರಿ ತಾವಾಗಿಯೇ ಊರು ಬಿಟ್ಟವು. ಇದರ ಲಾಭ ಪಡೆಯಲು ಒಂದೇ ಒಂದು ಸಣ್ಣ ಷರತ್ತು ಉಂಟು: ನೀವು ಇಲಿಯಾಗಿರಬೇಕು.

ಹೊಸಪೇಟೆಯಲ್ಲಿ ವೈದ್ಯಕೀಯ ಸಂಶೋಧನೆಯ ಕೊನೆಯ ನಿಲ್ದಾಣ ಒಗ್ಗರಣೆ-ಮಿರ್ಚಿ ಅಂಗಡಿಯ ಬೆಂಚು. ಎಲ್ಲೋ ಒಂದು ಪ್ರಯೋಗಾಲಯದಿಂದ ಹೊರಟ ಸುದ್ದಿ ಆರೋಗ್ಯ ಪುರವಣಿ ಹತ್ತಿ, ಯೂಟ್ಯೂಬ್ ಹತ್ತಿ, ಫ್ಯಾಮಿಲಿ ಗ್ರೂಪ್ ಹತ್ತಿ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಡುದಾರಿಯಲ್ಲೇ ಇಲಿ ಇಳಿದುಹೋಗಿರುತ್ತದೆ.

‘ಅಳಿಯಾ, ಶುಗರಿಗೆ ಇನ್ನ ಗುಳಿಗಿ ಬೇಕಾಗಿಲ್ಲಂತ. ಪೇರಲ ಎಲಿ ಕುದಿಸಿ ಕುಡದ್ರ ಇಪ್ಪತ್ತೊಂದು ದಿನಕ್ಕ ನಾರ್ಮಲ್ ಅಂತ. ಸೈಂಟಿಸ್ಟ್ ಮಂದೀನ ಹೇಳ್ಯಾರ.’

‘ಯಾರಿಗೆ ನಾರ್ಮಲ್ ಆತು, ಮಾಮಾ?’

‘ಯಾರಿಗಂದ್ರ? ಪೇಷಂಟಿಗೆ!’

‘ಪೇಷಂಟ್ ಯಾರು?’

‘ಅದೆಲ್ಲಾ ನಿನಗ್ಯಾಕ? ಗುಣ ಆಗೇತಿ ಅಂದ್ರ ಆಗೇತಿ. ಏಯ್ ತಮ್ಮಾ, ಇನ್ನೆರಡು ಮಿರ್ಚಿ ಹಾಕು.’

ಪೇಷಂಟಿಗೆ ಬಾಲವಿತ್ತು ಎಂದರೆ ಮಾಮನಿಗೆ ಬೇಜಾರಾಗುತ್ತದೆ. ಪಾಪ, ಅವರೊಬ್ಬರದೇ ತಪ್ಪಲ್ಲ. 2019ರಲ್ಲಿ ಜೇಮ್ಸ್ ಹೀದರ್ಸ್ ಎಂಬ ವಿಜ್ಞಾನಿ ಟ್ವಿಟರ್‌ನಲ್ಲಿ ಒಂದು ಖಾತೆ ತೆರೆದ. ದೊಡ್ಡ ದೊಡ್ಡ ಪತ್ರಿಕೆಗಳ ಆರೋಗ್ಯ ಸುದ್ದಿಗಳನ್ನು ಹಂಚಿಕೊಂಡು, ಮೇಲೆ ‘ಇಲಿಗಳಲ್ಲಿ’ ಎಂದಷ್ಟೇ ಸೇರಿಸುವುದು ಆತನ ಕೆಲಸ. ಅಷ್ಟಕ್ಕೇ ಲೋಕಪ್ರಸಿದ್ಧನಾದ. ಲಂಡನ್ನಿನ ಸಂಪಾದಕರೇ ಇಲಿಯನ್ನು ಬಚ್ಚಿಡುವಾಗ ಹೊಸಪೇಟೆಯ ಮಾಮ ಎಲ್ಲಿಂದ ಹುಡುಕಿ ತೆಗೆಯಬೇಕು?

ಹೋಗಲಿ, ಆ ಇಲಿಗೆ ಸಕ್ಕರೆ ಕಾಯಿಲೆ ಬಂದದ್ದಾದರೂ ಹೇಗೆ? ಅದೇನು ನಮ್ಮ ಹಾಗೆ ಮೂವತ್ತು ವರ್ಷ ಅನ್ನ ಉಂಡು, ಮಗಳ ಮದುವೆ ಸಾಲಕ್ಕೆ ನಿದ್ದೆಗೆಟ್ಟು, ಬೆಳಗಿನ ವಾಕಿಂಗನ್ನು ನಾಳೆಗೆ ಮುಂದೂಡಿ ಕಷ್ಟಪಟ್ಟು ಸಂಪಾದಿಸಿದ ಶುಗರ್ ಅಲ್ಲ. ಸ್ಟ್ರೆಪ್ಟೊಜೋಟೋಸಿನ್ ಎಂಬ ವಿಷವನ್ನು ಚುಚ್ಚುತ್ತಾರೆ. ಅದು ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಸುಡುತ್ತದೆ. ಕೆಲವೇ ದಿನದಲ್ಲಿ ಇಲಿ ಡಯಾಬಿಟಿಸ್ ರೋಗಿ. ಯಕೃತ್ತಿನ ಕಾಯಿಲೆ ಬೇಕೆ? ಒಂದು ಕಾಲದಲ್ಲಿ ಬಟ್ಟೆಯ ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಡುತ್ತಾರೆ. ಬಾವು ಬೇಕೆ? ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ನನ್ನು ಪಾದಕ್ಕೆ ಚುಚ್ಚಿ, ಪಾದ ಎಷ್ಟು ಊದಿತೆಂದು ಅಳೆಯುತ್ತಾರೆ.

ಇದಕ್ಕಿಂತ ಸೊಗಸಾದ ಏರ್ಪಾಡು ಇನ್ನೊಂದಿದೆ. ಇಂಥ ಎಷ್ಟೋ ಪ್ರಯೋಗಗಳಲ್ಲಿ ಮೊದಲು ಏಳೆಂಟು ದಿನ ಕಷಾಯ ಕುಡಿಸಿ, ಆಮೇಲೆ ವಿಷ ಹಾಕುತ್ತಾರೆ. ಅಂದರೆ ಕಾಯಿಲೆ ಬರುವ ಮುಂಚೆಯೇ ಚಿಕಿತ್ಸೆ ಮುಗಿದಿರುತ್ತದೆ. ಮುಂದಿನ ಹುಣ್ಣಿಮೆಗೆ ನನಗೆ ಕಾಮಾಲೆ ಬರುವುದಿದೆ ಎಂದು ಪಂಚಾಂಗ ನೋಡಿ ತಿಳಿದುಕೊಂಡವರಿಗೆ ಈ ವೈದ್ಯ ಬಹಳ ಪ್ರಯೋಜನಕಾರಿ.

ರೋಗಿ ಅಂದರೆ ಇಲಿಯ ಹಾಗಿರಬೇಕು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಶರೀರದಲ್ಲಿ ಆ ಸೌಲಭ್ಯವೇ ಇಲ್ಲ. ಕಷಾಯವನ್ನು ಕೊಳವೆ ಸೂಜಿಯಿಂದ ನೇರ ಹೊಟ್ಟೆಗೇ ಬಿಡುವುದರಿಂದ ಕಹಿಯ ತಕರಾರೂ ಇಲ್ಲ. ಪಿತ್ತಕೋಶವೇ ಇಲ್ಲದ್ದರಿಂದ ಪಿತ್ತ ನೆತ್ತಿಗೇರುವ ಪ್ರಶ್ನೆಯೂ ಬರುವುದಿಲ್ಲ. ಹಬ್ಬಕ್ಕೆ ಬೀಗರ ಮನೆಗೆ ಹೋಗಿ ಎರಡು ಹೋಳಿಗೆ ಹೆಚ್ಚು ತಿಂದು ಬಂದು ಡಾಕ್ಟರ ಹತ್ತಿರ ಸುಳ್ಳು ಹೇಳುವುದಿಲ್ಲ. ಆಯುಸ್ಸು ಎರಡು-ಮೂರು ವರ್ಷ. ಆದ್ದರಿಂದ ಹತ್ತು ವರ್ಷದ ನಂತರ ಕಿಡ್ನಿ ಏನಾಯಿತು ಎಂದು ಕೇಳಲು ಯಾರೂ ಇರುವುದಿಲ್ಲ.

ವಾಸ್ತವ್ಯದ ಮಾತಂತೂ ಕೇಳಲೇಬೇಡಿ. ಪ್ರಯೋಗಾಲಯದ ಇಲಿಗೆ ಕೋಣೆಯ ತಾಪಮಾನ 22 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ತಪ್ಪಕೂಡದು, ತೂಕ ಮಾಡಿದ ಆಹಾರ, ಶುದ್ಧ ನೀರು ಸಿಗಬೇಕು. ಇಷ್ಟನ್ನೂ ನೋಡಿಕೊಳ್ಳಲು ಒಂದು ನೈತಿಕ ಸಮಿತಿ ಉಂಟು. ಸಂಡೂರಿನ ಅದಿರು ಲಾರಿಗಳ ರಸ್ತೆಯ ಪಕ್ಕದಲ್ಲಿ ಮನೆಯಿರುವ ಮನುಷ್ಯನಿಗೆ ಇದರಲ್ಲಿ ಯಾವುದು ಸಿಗುತ್ತದೆ? ಏಪ್ರಿಲ್ಲಿನಲ್ಲಿ 40 ಡಿಗ್ರಿ ಸಿಗುತ್ತದೆ, ಕೆಂಪು ಧೂಳು ವರ್ಷವಿಡೀ ಸಿಗುತ್ತದೆ. ಇಲಿಯ ಶ್ವಾಸಕೋಶವನ್ನು ತುಳಸಿ ಕಾಪಾಡಿತು ಎಂಬಂಥ ಸುದ್ದಿಯನ್ನು ಆ ಮನೆಯವರು ಓದಬೇಕೆಂದರೆ ಮೊದಲು ಪತ್ರಿಕೆಯ ಮೇಲಿನ ಧೂಳು ಒರೆಸಬೇಕು. ಧೂಳು ನಿಲ್ಲಿಸುವುದು ಖರ್ಚಿನ ಬಾಬತ್ತು. ತುಳಸಿಯಾದರೆ ಅವರ ಕಟ್ಟೆಯಲ್ಲೇ ಇದೆ.

ಇನ್ನು ಪ್ರಮಾಣದ ಲೆಕ್ಕ. ಇಲಿಗೆ ದೇಹತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸಾರ ಕೊಟ್ಟೆವು ಎಂದು ಬರೆದಿರುತ್ತಾರೆ. ಅದನ್ನು ಮನುಷ್ಯನಿಗೆ ಹೊಂದಿಸಲು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲಿ ಸೂತ್ರ ಕೊಟ್ಟಿದ್ದಾರೆ: 6.2ರಿಂದ ಭಾಗಿಸಬೇಕು. ಆಗ ಕಿಲೋಗೆ ಸುಮಾರು 65 ಮಿಲಿಗ್ರಾಂ. 60 ಕಿಲೋ ತೂಗುವ ಮಾಮನಿಗೆ ದಿನಕ್ಕೆ ನಾಲ್ಕು ಗ್ರಾಂ ಹತ್ತಿರ. ಸೊಪ್ಪಲ್ಲ, ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬಂತು ಅಂತಲೇ ಇಟ್ಟುಕೊಳ್ಳಿ, ದಿನಾ ನಲವತ್ತು ಗ್ರಾಂ ಒಣ ಎಲೆ ಬೇಕು. ಹಸಿ ಸೊಪ್ಪಿನ ಲೆಕ್ಕಕ್ಕೆ ಹೋದರೆ ಎಮ್ಮೆಯೂ ಗೋದಲಿಯಿಂದ ಮುಖ ತಿರುಗಿಸುತ್ತದೆ. ಮಾಮ ಮಾತ್ರ ನಾಲ್ಕು ಎಲೆ ಕುದಿಸಿ ಕುಡಿದು, ಬೆಳಗಿನ ಗುಳಿಗೆ ಬಿಟ್ಟಿದ್ದಾರೆ.

ಅಂದ ಹಾಗೆ, ಪೂರ್ತಿ ಗುಣವಾದ ಇಲಿಗೆ ಡಿಸ್ಚಾರ್ಜ್ ಇಲ್ಲ. ಸಕ್ಕರೆ ಇಳಿಯಿತೋ ಇಲ್ಲವೋ ಎಂದು ರಕ್ತ ನೋಡಿದ ಮೇಲೆ, ಯಕೃತ್ತು ಹೇಗಿದೆ ಎಂದು ನೋಡಲು ಅದನ್ನು ಕೊಂದು ಕೊಯ್ಯುತ್ತಾರೆ. ಗಿಡಮೂಲಿಕೆಯಿಂದ ವಾಸಿಯಾದ ಇಷ್ಟೊಂದು ರೋಗಿಗಳಲ್ಲಿ ಒಬ್ಬರೂ ಜಾಹೀರಾತಿನಲ್ಲಿ ಬಂದು ‘ನನಗೂ ಮೊದಲು ನಂಬಿಕೆ ಇರಲಿಲ್ಲ’ ಎಂದು ಹೇಳದಿರುವುದಕ್ಕೆ ಇದೇ ಕಾರಣ.

ಹಂಪಿಯವರು ಈಗ ಎದೆಯುಬ್ಬಿಸಿ ಹೇಳಬಹುದು: ನಮ್ಮ ಪರಂಪರೆಗೆ ಇಲಿಯ ಸರ್ಟಿಫಿಕೇಟ್ ಯಾಕೆ, ರಾಯರೇ ಸಾಕ್ಷಿ ಅಂತ. ಮಾತು ನಿಜ. 1520ರ ಹೊತ್ತಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯ ದಿನಾ ಬೆಳಕು ಹರಿಯುವ ಮುಂಚೆ ಕಾಲು ಲೀಟರಿಗೂ ಮೀರಿ ಎಳ್ಳೆಣ್ಣೆ ಕುಡಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಈ ಒಂದು ಸಾಲು ಸಿಕ್ಕರೆ ಸಾಕು, ‘ರಾಯರ ರಹಸ್ಯ, ಕೋಲ್ಡ್ ಪ್ರೆಸ್ಡ್’ ಎಂಬ ಬಾಟಲಿ ಪೇಟೆಗೆ ಬಂದಂತೆಯೇ. ಆದರೆ ಪಯಸ್ ಅಲ್ಲಿಗೆ ನಿಲ್ಲಿಸಿಲ್ಲ. ಎಣ್ಣೆ ಕುಡಿದ ರಾಯ ಮೈಗೂ ಎಣ್ಣೆ ಪೂಸಿಕೊಂಡು, ಭಾರದ ಮಣ್ಣಿನ ಗುಂಡುಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ವರಸೆ ಮಾಡಿ, ಆಮೇಲೆ ಜಟ್ಟಿಯ ಜೊತೆ ಕುಸ್ತಿ ಹಿಡಿದು, ಕುದುರೆಯೇರಿ ಬಯಲಲ್ಲಿ ಓಡಾಡಿ ಬರುತ್ತಿದ್ದನಂತೆ. ನಮ್ಮವರು ಇಷ್ಟರಲ್ಲಿ ಎಣ್ಣೆಯನ್ನು ಮಾತ್ರ ಪರಂಪರೆ ಎಂದು ಇಟ್ಟುಕೊಂಡು, ಮಿಕ್ಕದ್ದನ್ನು ಮ್ಯೂಸಿಯಮ್ಮಿಗೆ ಬಿಟ್ಟುಕೊಟ್ಟರು.

ಅಲ್ಲೇ ಹೇಮಕೂಟದ ಇಳಿಜಾರಿನಲ್ಲಿ ಸಾಸಿವೆಕಾಳು ಗಣಪನಿದ್ದಾನೆ. ತಿಂದು ತಿಂದು ಹೊಟ್ಟೆ ಬಿರಿಯುವಂತಾದಾಗ ಹಾವನ್ನೇ ಪಟ್ಟಿ ಮಾಡಿ ಬಿಗಿದುಕೊಂಡವನು. ಇಲಿ ಸ್ವಂತ ವಾಹನವಾಗಿದ್ದರೂ ತನ್ನ ಹೊಟ್ಟೆಯ ವಿಚಾರವನ್ನು ಅದರ ಮೇಲೆ ಪ್ರಯೋಗ ಮಾಡಲಿಲ್ಲ. ದೇವರ ಸಂಯಮವೇ ಬೇರೆ.

ಈಗ ನೆಲನೆಲ್ಲಿಗೆ ಬರೋಣ. ಮಳೆ ಬಿದ್ದರೆ ಸಂಡೂರಿನ ಗುಡ್ಡದ ಬುಡದಲ್ಲೂ ಕಂಪ್ಲಿಯ ಗದ್ದೆಯ ಬದುವಿನಲ್ಲೂ ಏಳುವ ಗಿಡ. ಕಾಮಾಲೆಗೆ ಇದನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡದ ಅಜ್ಜಿ ಈ ಸೀಮೆಯಲ್ಲಿಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಇದರ ಬೆನ್ನು ಹತ್ತಿದ್ದರು. 1987ರಲ್ಲಿ ಅವರ ತಂಡ ವುಡ್‌ಚಕ್ ಎಂಬ ಅಳಿಲಿನ ಕುಲದ ಪ್ರಾಣಿಯ ಮೇಲೆ ಇದನ್ನು ಪ್ರಯೋಗಿಸಿ ಆಸೆ ಹುಟ್ಟಿಸಿತು. 1988ರಲ್ಲಿ ಮದರಾಸಿನ ವೈದ್ಯರು ಮನುಷ್ಯರಿಗೇ ಕೊಟ್ಟು ನೋಡಿದರು: ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಮಾಯ, ಬರೀ ಹುಸಿಮಾತ್ರೆ ತಿಂದ 23ರಲ್ಲಿ ಒಬ್ಬರಿಗೆ ಮಾತ್ರ. ಲ್ಯಾನ್ಸೆಟ್ ಪತ್ರಿಕೆ ಅಚ್ಚು ಹಾಕಿತು, ಅಜ್ಜಿಯರು ಗೆದ್ದರು. ಆಮೇಲೆ ಥಾಯ್ಲೆಂಡಿನಲ್ಲಿ ನೋಡಿದರು, ನ್ಯೂಜಿಲೆಂಡಿನಲ್ಲಿ ನೋಡಿದರು. ಆ ಫಲ ಮತ್ತೆ ಸಿಗಲಿಲ್ಲ. ಗಿಡದ ತಳಿ ಬೇರೆಯೋ, ಕಿತ್ತ ಕಾಲ ಬೇರೆಯೋ, ಮೊದಲ ಫಲವೇ ಅದೃಷ್ಟವೋ ಎಂದು ಪಟ್ಟು ಹಿಡಿದು ನೋಡುವ ಕೆಲಸ ಬಾಕಿ ಉಳಿಯಿತು. ನಮ್ಮ ಪ್ಯಾಕೆಟ್ಟುಗಳ ಕಾಲಗಣನೆ ಮಾತ್ರ ಇಂದಿಗೂ 1988ರಲ್ಲೇ ನಿಂತಿದೆ.

ಅಮೃತಬಳ್ಳಿಯ ಕಥೆ ಇದಕ್ಕಿಂತ ಖಾರ. ಇಲಿಯ ಯಕೃತ್ತಿಗೆ ಇದೊಂದು ವಜ್ರಕವಚ ಎನ್ನುವ ಪ್ರಬಂಧಗಳು ಬೇಕಾದಷ್ಟಿವೆ. ಕೊರೊನಾ ಕಾಲದಲ್ಲಿ ಮನುಷ್ಯರೂ ಬಿಂದಿಗೆಗಟ್ಟಲೆ ಕುಡಿದರು. 2021ರಲ್ಲಿ ಮುಂಬೈ ವೈದ್ಯರು, ಇದನ್ನು ಕುಡಿದ ಆರು ಮಂದಿಗೆ ಯಕೃತ್ತಿಗೇ ಪೆಟ್ಟು ಬಿದ್ದಿದೆ ಎಂದು ವರದಿ ಮಾಡಿದರು. ಆಯುಷ್ ಸಚಿವಾಲಯ ಸಿಟ್ಟಾಗಿ, ಅದು ಅಮೃತಬಳ್ಳಿಯೋ ಅದರ ದಾಯಾದಿ ಬಳ್ಳಿಯೋ ಸರಿಯಾಗಿ ಗುರುತಿಸಿಲ್ಲ ಎಂದಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಬಂತು. ಬಳ್ಳಿ ಗುರುತಿಸುವುದು ಅಷ್ಟು ಕಷ್ಟ ಎಂದು ಸಚಿವಾಲಯವೇ ಹೇಳುವಾಗ, ಅಪಾರ್ಟ್‌ಮೆಂಟಿನ ಬೇಲಿಯಿಂದ ಕತ್ತರಿಸಿ ತಂದು ಕುದಿಸುವ ನಮಗೆ ಗುರುತು ಹೇಳಿಕೊಡುವವರು ಯಾರು? ಇಲಿಯನ್ನು ಕೇಳೋಣವೆಂದರೆ, ಅದಕ್ಕೆ ಕೊಟ್ಟದ್ದು ಸಸ್ಯಶಾಸ್ತ್ರಜ್ಞರು ಸಹಿ ಹಾಕಿದ ಬಳ್ಳಿ.

ಮಜ್ಜಿಗೆಯ ಸರದಿ. ಕಂಪ್ಲಿಯ ಹೊಲಗೆಲಸದವರು ರಾತ್ರಿ ಕಾಸಿಟ್ಟ ಜೋಳದ ಅಂಬಲಿಗೆ ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುತ್ತಿದ್ದಷ್ಟು ದಿನ ಅದು ಬಡವರ ಊಟವಾಗಿತ್ತು. ಈಗ ಅದೇ ಜಾತಿಯ ಸೂಕ್ಷ್ಮಜೀವಿ ಬೆರಳುದ್ದದ ಬಾಟಲಿಯಲ್ಲಿ ಕೂತು ಪ್ರೊಬಯಾಟಿಕ್ ಆಗಿದೆ. ಬೊಜ್ಜು ಕರಗಿಸುತ್ತದೆ, ಬೇಸರ ಕಳೆಯುತ್ತದೆ, ನೆನಪು ಹೆಚ್ಚಿಸುತ್ತದೆ. ಯಾರಿಗೆ ಎಂದು ಕೇಳಬಾರದು. ಕೇಳಿದರೆ ಮತ್ತೆ ಪಂಜರದ ಬಾಗಿಲಿಗೇ ಕರೆದೊಯ್ಯುತ್ತಾರೆ. ಆ ಪಂಜರದಲ್ಲಿ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ: ಇಲಿ ಹಿಕ್ಕೆ ತಿನ್ನುತ್ತದೆ, ತನ್ನದನ್ನೂ ಪಕ್ಕದವರದನ್ನೂ. ಹೊಟ್ಟೆಯ ಸೂಕ್ಷ್ಮಜೀವಿಗಳು ಹೀಗೆ ಸುತ್ತಿ ಸುತ್ತಿ ಮತ್ತೆ ಹೊಟ್ಟೆಗೇ ಬರುತ್ತವೆ. ಬಾಟಲಿಯ ಮೇಲೆ ಸೇವನಾಕ್ರಮ ಅಚ್ಚು ಹಾಕಿಸುವವರು ಈ ಹಂತವನ್ನು ದಾಕ್ಷಿಣ್ಯಕ್ಕೆ ಬಿಟ್ಟುಬಿಡುತ್ತಾರೆ.

ಮೊಸರಿನ ಜೀವಿಯಲ್ಲವೇ, ಒಳ್ಳೆಯದಾಗದಿದ್ದರೂ ಕೆಟ್ಟದ್ದೇನಾದೀತು ಎನ್ನುವವರಿಗೆ ನೆದರ್ಲೆಂಡ್ಸ್ ವೈದ್ಯರು ಉತ್ತರ ಕೊಟ್ಟಿದ್ದಾರೆ. ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಪ್ರೊಬಯಾಟಿಕ್ ಕೊಟ್ಟಾಗ ಇಲಿಗಳು ಚೇತರಿಸಿಕೊಂಡಿದ್ದವು. ಉತ್ಸಾಹದಿಂದ 15 ಆಸ್ಪತ್ರೆಗಳ ರೋಗಿಗಳಿಗೆ ಕೊಟ್ಟರು. 2008ರಲ್ಲಿ ಫಲ ಪ್ರಕಟವಾಯಿತು: ಪ್ರೊಬಯಾಟಿಕ್ ಪಡೆದ 152 ಮಂದಿಯಲ್ಲಿ 24 ಸಾವು, ಪಡೆಯದ 144ರಲ್ಲಿ 9. ಸೋಂಕು ಕಡಿಮೆಯಾಗಲಿಲ್ಲ; ಮೇಲಾಗಿ ಪಡೆದವರಲ್ಲಿ ಒಂಬತ್ತು ಜನರ ಕರುಳಿಗೆ ರಕ್ತವೇ ಸಾಲದಾಯಿತು. ಇಲಿಯನ್ನು ನಂಬಿ ಅಲ್ಲಿಗೇ ನಿಲ್ಲಿಸಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಯಾವುದೋ ಬಾಟಲಿಯ ಮೇಲೆ ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಸಾಲು ಇಂದಿಗೂ ಮಿಂಚುತ್ತಿತ್ತು.

ಹಾಗಾದರೆ ಎಲ್ಲವೂ ಬುರುಡೆಯೇ? ಅಲ್ಲ, ನನ್ನ ಸಿಟ್ಟಿಗೆ ಕಾರಣವೂ ಅದೇ. ಒಡಿಶಾದ ಹಳ್ಳಿಗಳಲ್ಲಿ ಹುಟ್ಟಿದ 4,556 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಸೂಕ್ಷ್ಮಜೀವಿಯನ್ನೂ ಅದಕ್ಕೆ ಬೇಕಾದ ಮೇವನ್ನೂ ಕೊಟ್ಟು, ಎರಡು ತಿಂಗಳು ಕಣ್ಣಿಟ್ಟು ನೋಡಿದರು. ನಂಜು ಮತ್ತು ಸಾವು ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಪಿನಾಕಿ ಪಾಣಿಗ್ರಹಿ ಮತ್ತು ಸಂಗಡಿಗರ ಈ ಕೆಲಸ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಯಾವ ಜೀವಿ, ಎಷ್ಟು, ಎಷ್ಟು ದಿನ, ಯಾರಿಗೆ, ಕೊಡದವರಿಗೆ ಏನಾಯಿತು, ಎಲ್ಲಕ್ಕೂ ಅಲ್ಲಿ ಉತ್ತರವಿದೆ. ಆದರೆ ಆ ಸುದ್ದಿ ಮಿರ್ಚಿ ಬೆಂಚಿಗೆ ಬರಲೇ ಇಲ್ಲ. ಅದರಲ್ಲಿ ಪವಾಡವಿರಲಿಲ್ಲ, ಬರೀ ಕೆಲಸವಿತ್ತು.

ಮನುಷ್ಯರ ವಿಷಯದಲ್ಲಿ ಇಷ್ಟು ಉದಾರವಾಗಿ ನಂಬುವ ನಾವು ಎಮ್ಮೆಯ ವಿಷಯದಲ್ಲಿ ಹಾಗಲ್ಲ. ಕೆಚ್ಚಲು ಬಾವಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಒಂದು ಮನೆಮದ್ದು ಹೇಳಿಕೊಡುತ್ತದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ದಿನಕ್ಕೆ ಹಲವು ಸಲ ಹಚ್ಚಬೇಕು. ಕಂಪ್ಲಿಯ ರೈತ ಹಚ್ಚುತ್ತಾನೆ. ಹಚ್ಚಿ ಬೆಳಿಗ್ಗೆ ಬೆಳಿಗ್ಗೆ ಕೆಚ್ಚಲು ಮುಟ್ಟಿ ನೋಡುತ್ತಾನೆ, ಹಾಲಿನ ಎಳೆ ನೋಡುತ್ತಾನೆ, ಡೇರಿಯ ಚೀಟಿ ನೋಡುತ್ತಾನೆ. ಇಳಿಯದಿದ್ದರೆ ಪಶುವೈದ್ಯರಿಗೆ ಫೋನು. ಎಮ್ಮೆಯ ಬೆಲೆ ಲಕ್ಷದ ಹತ್ತಿರ, ಫಾರ್ವರ್ಡ್ ನಂಬಿ ಕೂರಲಾಗದು. ಅದೇ ರೈತ ತನ್ನ ಬಿಪಿ ಗುಳಿಗೆಯನ್ನು ಮಾತ್ರ ಬೆಳ್ಳುಳ್ಳಿಯ ಭರವಸೆಯಲ್ಲಿ ಬಿಟ್ಟಿರುತ್ತಾನೆ. ತನ್ನ ಮಾರುಕಟ್ಟೆ ಬೆಲೆ ಅವನಿಗೆ ಯಾರೂ ಹೇಳಿಲ್ಲ.

ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದದ್ದು ನಮ್ಮೂರ ಮಕ್ಕಳಿಗೂ ನೆನಪಿದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ವಾರದೊಳಗೆ ನೀರು ನಿಲ್ಲಿಸಿತು. ಅದರ ಬದಲು ಯಾರಾದರೂ ಆಟಿಕೆ ಡ್ಯಾಮಿಗೆ ತಗಡು ಸಿಕ್ಕಿಸಿ, ‘ಫಲಿತಾಂಶ ಆಶಾದಾಯಕವಾಗಿದೆ, ರೈತರು ನಿಶ್ಚಿಂತೆಯಿಂದ ನಾಟಿ ಮಾಡಬಹುದು’ ಎಂದಿದ್ದರೆ ನಾವು ಹೂವಿನ ಹಾರ ಹಾಕುತ್ತಿದ್ದೆವೇ? ಮಾದರಿ ಬೇಡವೆಂದಲ್ಲ. ಮಾದರಿಯಲ್ಲಿ ನಿಂತ ತಗಡು ಹೊಳೆಯಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕಾಗುತ್ತದೆ, ಅಷ್ಟೆ. ಹೆಸರಾಂತ ಪತ್ರಿಕೆಗಳಲ್ಲಿ ಬಂದು ಎಲ್ಲರೂ ಉದ್ಧರಿಸುವ 76 ಪ್ರಾಣಿಪ್ರಯೋಗಗಳ ಬೆನ್ನು ಹತ್ತಿ 2006ರಲ್ಲಿ ಇಬ್ಬರು ಲೆಕ್ಕ ತೆಗೆದರು. ಮನುಷ್ಯರಲ್ಲೂ ನಿಜವಾದದ್ದು 28. ಉಳಿದವುಗಳಲ್ಲಿ 14 ಸುಳ್ಳಾದವು, 34ನ್ನು ಯಾರೂ ನೋಡಲೇ ಇಲ್ಲ. ಇದು ಅತ್ಯುತ್ತಮ ಪ್ರಯೋಗಗಳ ಪಾಡು.

ನೋಡದಿರುವುದರಲ್ಲಿ ಎಲ್ಲರಿಗೂ ಅನುಕೂಲವಿದೆ. ವಿದ್ಯಾರ್ಥಿಗೆ ಪದವಿಯ ಅವಧಿ ಮುಗಿಯುವುದರೊಳಗೆ ಪ್ರಬಂಧ ಬೇಕು; ಇಲಿ ತಿಂಗಳಲ್ಲಿ ಫಲ ಕೊಡುತ್ತದೆ, ಮನುಷ್ಯ ವರ್ಷಗಟ್ಟಲೆ ಸತಾಯಿಸುತ್ತಾನೆ. ಪತ್ರಿಕೆಗೆ ಶೀರ್ಷಿಕೆ ಬೇಕು, ಕಂಪನಿಗೆ ಲೇಬಲ್ ಬೇಕು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸುತ್ತದೆ. ಆದರೆ ‘ಅಧ್ಯಯನವೊಂದರ ಪ್ರಕಾರ’ ಎಂಬುದು ಜಾಹೀರಾತಲ್ಲವಲ್ಲ. ಸರ್ಕಾರಕ್ಕೆ ಆಸ್ಪತ್ರೆಯ ಖರ್ಚಿಲ್ಲದ ಆರೋಗ್ಯ ಬೇಕು. ನಮಗಂತೂ ಡಾಕ್ಟರಿಲ್ಲದ, ಪಥ್ಯವಿಲ್ಲದ, ಬಿಲ್ಲಿಲ್ಲದ ಗುಣ ಬೇಕು. ಇಷ್ಟು ಜನರ ಸಂತೋಷಕ್ಕೆ ಆರಾರು ಇಲಿಗಳ ನಾಲ್ಕು ಗುಂಪು ಸಾಕಾಗುತ್ತದೆ.

ಈ ವ್ಯವಸ್ಥೆಯನ್ನು ಕೆಡಿಸುವ ಉದ್ದೇಶ ನನಗಿಲ್ಲ. ಒಂದು ತಿದ್ದುಪಡಿ ಮಾತ್ರ ಸೂಚಿಸುತ್ತೇನೆ, ಅದೂ ಹಂಪಿಯದ್ದೇ. 1535ರ ಸುಮಾರಿಗೆ ಇಲ್ಲಿದ್ದ ಇನ್ನೊಬ್ಬ ಪೋರ್ಚುಗೀಸ, ಫರ್ನಾವೊ ನೂನಿಜ್, ವಿಜಯನಗರದ ಪೇಟೆಯಲ್ಲಿ ತಿನ್ನಲು ಸಿಗುತ್ತಿದ್ದ ಪ್ರಾಣಿಗಳ ಪಟ್ಟಿಯಲ್ಲಿ ಇಲಿಯನ್ನೂ ಸೇರಿಸಿದ್ದಾನೆ. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಾಗಲಿ ಅಂತ ಅಲ್ಲಿ ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕಿತ್ತಂತೆ. ಆ ಕಾನೂನನ್ನು ವಾಪಸ್ ತಂದರಾಯಿತು. ಪ್ಯಾಕೆಟ್ಟಿನ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಹೇಗೂ ಇದೆ. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡದಾಗಿ, ಈ ಔಷಧದಿಂದ ಇಲ್ಲಿಯವರೆಗೆ ಗುಣವಾದವರ ಭಾವಚಿತ್ರ ಹಾಕಲಿ. ಮೀಸೆ ಇದ್ದರೂ ಚಿಂತೆಯಿಲ್ಲ, ಬಾಲ ಮಾತ್ರ ಕತ್ತರಿಸದೆ ತೋರಿಸಲಿ.